ನೀರಿಗೆ ಬಿಟ್ಟ ಹೆಸರು

ಟ್ರಾಮಿನಲ್ಲಿ ತನ್ನ ಮುಂದೆ ಕಂಬಿ ಹಿಡಿದು ನಿಂತಿದ್ದವನ ಕುತ್ತಿಗೆಯನ್ನೇ ಗೆನ್‌ಸಾಕು ನೋಡುತ್ತಿದ್ದ. ಎಡಗಿವಿಯ ಹಿಂದೆ ಕೂದಲು ಒಂದೆಳೆಯಷ್ಟು ಉದ್ದ ಉಳಿದಿದೆ, ಯಾರೋ ಅವಸರದವನ ಕೆಲಸ. ಐವತ್ತು ವರ್ಷ ಕ್ಷೌರದ ಕುರ್ಚಿಯ ಹಿಂದೆ ನಿಂತು ಜನರನ್ನು ಬೆನ್ನ ಹಿಂದಿನಿಂದ ನೋಡಿದವನಿಗೆ ಮುಖಗಳಿಗಿಂತ ಕುತ್ತಿಗೆಗಳೇ ಹೆಚ್ಚು ನೆನಪಿರುತ್ತವೆ. ಇದು ಮೀನಿನಂಗಡಿಯವನದು, ಇದು ಶಾಲೆಯ ಹಳೇ ಮೇಷ್ಟ್ರದು, ಎಂದು ಬೀದಿಯಲ್ಲಿ ಯಾರನ್ನಾದರೂ ಹಿಂದಿನಿಂದಲೇ ಗುರುತು ಹಿಡಿದು ಕರೆಯುತ್ತಿದ್ದ. ಹೆಂಡತಿ ತೊಮೊಎ ನಗುತ್ತಿದ್ದಳು. ಈ ಒಂಬತ್ತು ತಿಂಗಳಿಂದ ಮಾತ್ರ ಕಣ್ಣಿಗೆ ಬಿದ್ದ ಕುತ್ತಿಗೆಯೆಲ್ಲ ಒಂದೇ ಕುತ್ತಿಗೆಯಾಗುತ್ತಿತ್ತು. ಎರಡು ಹೆಜ್ಜೆ ಹತ್ತಿರ ಹೋಗುವಷ್ಟರಲ್ಲಿ ಅದು ಮತ್ಯಾರದೋ ಆಗಿರುತ್ತಿತ್ತು. ಬೆಳಿಗ್ಗೆ ಹೊರಡುವಾಗ ತೊಮೊಎ ಬಾಗಿಲಲ್ಲಿ ನಿಂತು, “ಎಲ್ಲಿಗ್ರೀ ಇಷ್ಟು ಬೇಗ?” ಎಂದು ಕೇಳಿದ್ದಳು. “ದೇವಸ್ಥಾನಕ್ಕೆ. ಹಿಗಾನ್ ಅಲ್ವಾ, ಅಪ್ಪ ಅಮ್ಮನ ಹೆಸರು ಬರೆಸಿ ಬರ್ತೀನಿ.” ಹಗಲೂ ಇರುಳೂ ಸಮವಾಗುವ ಈ ದಿನ ಒಸಾಕಾದ ಅರ್ಧ ಊರು ಅಲ್ಲಿಗೇ ಹೋಗುತ್ತದೆ, ತಮ್ಮ ತಮ್ಮ ಸತ್ತವರ ಹೆಸರು ಮರದ ಪಟ್ಟಿಯಲ್ಲಿ ಬರೆಸಿ ನೀರಿಗೆ ಬಿಡಲು. ಹೇಳಿದ್ದು ಸುಳ್ಳಲ್ಲ. ಆದರೆ ಹೂರಣ ಹೊದಿಸಿದ ಅನ್ನದುಂಡೆಗಳ ಡಬ್ಬಿಯನ್ನು ಅವಳು ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟಾಗ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. “ನಾನೂ ಬರ್ಲಾ?” ಎಂದಳು. “ಬೇಡ, ನೂಕುನುಗ್ಗಲು, ನಿನ್ನ ಮಂಡಿನೋವು ಬೇರೆ” ಎಂದ. ಅವಳ ಮಂಡಿ ನೋವು ವಾಸಿಯಾಗಿ ವರ್ಷವಾಗಿತ್ತು.

ವಾರ್ಡಿನ ಕಚೇರಿಯಿಂದ ಕಾಗದ ಬಂದದ್ದು ಹಿಂದಿನ ಡಿಸೆಂಬರಿನಲ್ಲಿ. ಇಬ್ಬರು ಗಿರಾಕಿಗಳ ನಡುವೆ, ಕೈಗೆ ಅಂಟಿದ ನೊರೆ ಒರೆಸಿಕೊಂಡು, ನಿಂತೇ ಓದಿದ್ದ. ಉಮೆಗಾಕಿ ತಾಮೋತ್ಸು, ಅರವತ್ತೊಂದು ವರ್ಷ, ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾರೆ, ದಹನವಾಗಿದೆ, ಅಸ್ಥಿಯನ್ನು ತಾವು ಪಡೆಯುವಿರಾ? ಕೆಳಗೆ ಎರಡು ಚೌಕ. ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದ. ಕಾರಣ ಬರೆಯಲು ಒಂದು ಗೆರೆ ಬಿಟ್ಟಿದ್ದರು. ‘ಬಹಳ ವರ್ಷಗಳಿಂದ ಸಂಪರ್ಕವಿಲ್ಲ’ ಎಂದು ಬರೆದ. ಮೊಹರು ಒತ್ತಿದ, ಲಕೋಟೆಗೆ ಹಾಕಿದ, ಅಂಗಡಿಯ ಮುಂದಿನ ಅಂಚೆ ಡಬ್ಬಿಗೆ ಹಾಕಿ ಬಂದ. ಬಂದವನು ಕುರ್ಚಿಯಲ್ಲಿ ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದ್ದ ಅಕ್ಕಿ ಅಂಗಡಿಯ ಯಜಮಾನನ ಗಂಟಲ ಮೇಲೆ ಕತ್ತಿ ಆಡಿಸಿದ. ಕೈ ನಡುಗಲಿಲ್ಲ. ಒಂದು ಗೀರೂ ಬೀಳಲಿಲ್ಲ. ಆಮೇಲಿನ ದಿನಗಳಲ್ಲಿ ಅವನನ್ನು ತಿನ್ನತೊಡಗಿದ್ದು ತಮ್ಮ ಸತ್ತನೆಂಬುದಕ್ಕಿಂತ ಹೆಚ್ಚಾಗಿ, ಆ ಹೊತ್ತಿನಲ್ಲಿ ತನ್ನ ಕೈ ನಡುಗಲಿಲ್ಲ ಎಂಬುದು.

ದೇವಸ್ಥಾನಕ್ಕೆ ಎರಡು ನಿಲ್ದಾಣ ಮೊದಲೇ ಇಳಿದ. ಕಾಗದದಲ್ಲಿದ್ದ ವಿಳಾಸ ದೇವಸ್ಥಾನಗಳ ದಿಬ್ಬದ ಕೆಳಗಿನ ದಿನಗೂಲಿಯವರ ಕೇರಿಯದು. ಸುಮಿಯೋಶಿಯ ತನ್ನ ಅಂಗಡಿಯಿಂದ ಟ್ರಾಮಿನಲ್ಲಿ ಇಪ್ಪತ್ತು ನಿಮಿಷ. ಅಪ್ಪ ಸತ್ತ ಮೇಲೆ ತಮ್ಮ ಈ ಕೇರಿ ಸೇರಿದನೆಂದು ಕೇಳಿದ್ದವನು ಇಪ್ಪತ್ತೆರಡು ವರ್ಷ ಈ ನಿಲ್ದಾಣದಲ್ಲಿ ಒಮ್ಮೆಯೂ ಇಳಿದಿರಲಿಲ್ಲ. ಟ್ರಾಮು ಇಲ್ಲಿ ನಿಂತಾಗಲೆಲ್ಲ ಎದುರುಗಡೆಯ ಕಿಟಕಿಯಿಂದ ಆಚೆ ನೋಡುತ್ತಿದ್ದ. ಅಪ್ಪನ ಸಾವಿನ ದಿನ ತಾಮೋತ್ಸು ಕುಡಿದು ಬಂದು, ಧೂಪ ಹಾಕಲು ಬಗ್ಗಿದವನು ಅಪ್ಪನ ಪಟದ ಮೇಲೇ ಬಿದ್ದ. ಹೂವಿನ ಕುಂಡಗಳು ಉರುಳಿದವು. ಬಂದವರ ನಡುವೆ ಒಬ್ಬ ಹೆಂಗಸು ಫಕ್ಕನೆ ನಕ್ಕಳು. ಆ ನಗು ಇಲ್ಲದಿದ್ದರೆ ತಾನು ಆ ಮಾತು ಆಡುತ್ತಿರಲಿಲ್ಲವೇನೋ ಎಂದು ಗೆನ್‌ಸಾಕು ಎಷ್ಟೋ ಸಲ ಅಂದುಕೊಂಡಿದ್ದಾನೆ. “ನನಗೆ ತಮ್ಮ ಇಲ್ಲ. ಯಾರೋ ಬೀದೀಲಿ ಹೋಗೋನು ಒಳಗೆ ಬಂದಿದ್ದಾನೆ, ಆಚೆ ಕಳಿಸಿ.” ತಾಮೋತ್ಸು ಎದ್ದು, ಮೈಗಂಟಿದ ಹೂವಿನ ಎಸಳು ಕೊಡವಿಕೊಂಡು, ಎಲ್ಲರಿಗೂ ತಲೆ ಬಾಗಿಸಿ ಹೋದ. ಹೋಗುವಾಗ ತನ್ನ ಚಪ್ಪಲಿಯ ಬದಲು ಇನ್ಯಾರದ್ದೋ ಮೆಟ್ಟಿಕೊಂಡು ಹೋದ. ಜನ ಅದಕ್ಕೂ ನಕ್ಕರು.

ಅದಾಗಿ ಹದಿನಾಲ್ಕು ವರ್ಷಕ್ಕೆ ಅವನು ಅಂಗಡಿಗೆ ಬಂದ. ವಸಂತದ ಒಂದು ಭಾನುವಾರ, ಬೆಂಚು ತುಂಬಿತ್ತು, ಬೀದಿಯ ಸಂಘದ ಅಧ್ಯಕ್ಷರು ಪತ್ರಿಕೆ ಹಿಡಿದು ಕೂತಿದ್ದರು. ಬಾಗಿಲ ಗಂಟೆ ಸದ್ದಾಗಿ ಗೆನ್‌ಸಾಕು ಕನ್ನಡಿಯಲ್ಲಿ ನೋಡಿದ. ಕೂಲಿಯವರ ಜೋಲು ಪ್ಯಾಂಟು, ಬಿಸಿಲಿಗೆ ಸುಟ್ಟ ಮುಖ. ಅವನು ಏನೂ ಹೇಳದೆ ಬೆಂಚಿನ ತುದಿಯಲ್ಲಿ ಕೂತು ಸರದಿ ಕಾದ. ಸರದಿ ಬಂದಾಗ ಎದ್ದು ಕುರ್ಚಿಯಲ್ಲಿ ಕೂತ. ಗೆನ್‌ಸಾಕು ಬಿಳಿ ಬಟ್ಟೆ ಹೊದಿಸಿ, ಹೊಸ ಗಿರಾಕಿಗೆ ಕೇಳುವ ದನಿಯಲ್ಲಿ, “ಹೇಗೆ ಕತ್ತರಿಸಲಿ?” ಎಂದ. ಕನ್ನಡಿಯಲ್ಲಿ ತಮ್ಮನ ಕಣ್ಣು ಒಮ್ಮೆ ಮೇಲೆದ್ದಿತು. “ನಿಮಗೆ ತೋಚಿದ ಹಾಗೆ” ಎಂದ. ನಡುನೆತ್ತಿಯಲ್ಲಿ ಎರಡು ಸುಳಿ. ಚಿಕ್ಕವನಿದ್ದಾಗ ಆ ಎರಡು ಸುಳಿಗೆ ಹೆದರಿ ಅಪ್ಪ ಅವನ ತಲೆಯನ್ನು ಗೆನ್‌ಸಾಕುವಿಗೇ ಒಪ್ಪಿಸುತ್ತಿದ್ದ. ಅಣ್ಣ ಕತ್ತರಿ ಹಿಡಿಯಲು ಕಲಿತದ್ದೇ ಆ ತಲೆಯ ಮೇಲೆ. ಮುಕ್ಕಾಲು ಗಂಟೆ ಕತ್ತರಿಸಿದ. ತಲೆ ತೊಳೆದ, ಬೆರಳುಗಳು ತಲೆಬುರುಡೆಯ ಮೇಲೆ ಆಡಿದವು, ಕಿವಿಯ ಹಿಂದಿನ ಹಳೇ ಗಾಯದ ಕಲೆ ಬೆರಳಿಗೆ ಸಿಕ್ಕಿತು, ಬೆರಳು ಅಲ್ಲಿ ನಿಂತಿತು, ಮತ್ತೆ ಮುಂದೆ ಹೋಯಿತು. ಒಂದು ಮಾತು ಸಾಕಿತ್ತು. ‘ಊಟ ಆಯ್ತೇನೋ’ ಎಂದಿದ್ದರೂ ಆಗುತ್ತಿತ್ತು. ಹಿಂದೆ ಅಧ್ಯಕ್ಷರು ಪತ್ರಿಕೆಯ ಹಾಳೆ ಮಗುಚಿದರು. ಗೆನ್‌ಸಾಕು ಬಟ್ಟೆ ಬಿಚ್ಚಿ ಕೊಡವಿ, “ಮತ್ತೆ ಬನ್ನಿ” ಎಂದ, ಎಲ್ಲರಿಗೂ ಹೇಳುವ ಹಾಗೆ. ತಾಮೋತ್ಸು ಬಾಗಿಲಲ್ಲಿ ನಿಂತು ಕೈಯಿಂದ ಕುತ್ತಿಗೆಯನ್ನು ಸವರಿಕೊಂಡು ನೋಡಿದ. “ಚೆನ್ನಾಗಿ ಕತ್ತರಿಸಿದ್ದೀರಿ” ಎಂದ. ಮತ್ತೆ ಬರಲಿಲ್ಲ.

ಲಾಡ್ಜು ಸಿಕ್ಕಿತು. ನಾಲ್ಕಂತಸ್ತಿನ ಸಪೂರ ಕಟ್ಟಡ, ಬಾಗಿಲಲ್ಲೇ ಚಪ್ಪಲಿ ಗೂಡು. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಕುತ್ತಿಗೆಗೆ ಟವೆಲು ಸುತ್ತಿಕೊಂಡು ಕೈಚೀಲ ಹಿಡಿದು ಹೊರಟು ನಿಂತಿದ್ದಳು. ಮೆಟ್ಟಿಲಲ್ಲಿ ಕೂತಿದ್ದ ಇಬ್ಬರು ಮುದುಕರಲ್ಲಿ ಒಬ್ಬ, “ಮಾತ್ಸುಯೊಮ್ಮ, ಹೇಗೂ ಹೋಗ್ತಿದ್ದೀಯ, ನನ್ನ ಹೆಸರೂ ಒಂದು ಬರೆಸಿ ನೀರಿಗೆ ಬಿಟ್ಟುಬಿಡು, ಆಮೇಲೆ ತಂಟೆ ಇರಲ್ಲ” ಎಂದ. “ನಿನ್ನ ಹೆಸರು ತೇಲಲ್ಲ ಕಣೋ, ಕುಡಿದೂ ಕುಡಿದೂ ಭಾರವಾಗಿದೆ” ಎಂದಳು ಅವಳು. ಇನ್ನೊಬ್ಬ ಹಲ್ಲಿಲ್ಲದ ಬಾಯಲ್ಲಿ ನಕ್ಕ. ಅವಳ ಕಣ್ಣು ಗೆನ್‌ಸಾಕುವಿನ ಮೇಲೆ ಬಿತ್ತು.

“ಕೋಣೆ ಖಾಲಿ ಇಲ್ಲಪ್ಪ.”

“ಕೋಣೆಗಲ್ಲ. ಇಲ್ಲಿ ಉಮೆಗಾಕಿ ತಾಮೋತ್ಸು ಅನ್ನೋರು ಇದ್ರಂತೆ...”

ಮೂವರೂ ಅವನನ್ನು ನೋಡಿದರು. “ತಾಮೋನಾ? ಹೋಗಿ ಹತ್ತು ತಿಂಗಳಾಯ್ತಲ್ಲ” ಎಂದಳು ಮಾತ್ಸುಯೊ. “ನೀವ್ಯಾರು, ಆಫೀಸಿನೋರಾ?”

“ಅಲ್ಲ. ಹಳೇ ಪರಿಚಯ. ಚಿಕ್ಕೋರಿದ್ದಾಗ ಒಂದೇ ಬೀದಿ.”

ಬಾಯಿಂದ ಬಂದ ಮೇಲೆ ಅದನ್ನು ವಾಪಸು ತಗೊಳ್ಳಲು ಗೆನ್‌ಸಾಕುವಿಗೆ ಒಂದು ಕ್ಷಣ ಸಮಯವಿತ್ತು. ಆ ಕ್ಷಣ ಕಳೆಯಿತು. “ಒಂದೇ ಬೀದಿಯೋರಾ!” ಎಂದು ಅವಳ ಮುಖ ಅರಳಿತು. “ನೋಡ್ರೋ, ಕೊನೆಗೂ ಅವನ್ನ ಕೇಳ್ಕೊಂಡು ಒಬ್ರು ಬಂದ್ರು. ಬನ್ನಿ ಬೀದಿಯಣ್ಣಾವ್ರೆ, ನಾನೂ ಅವನ ಹೆಸರು ಬರೆಸೋಕೇ ಹೊರಟಿರೋದು. ಈ ಚೀಲ ಸ್ವಲ್ಪ ಹಿಡ್ಕೊಳ್ಳಿ, ದಿಬ್ಬ ಹತ್ತೋವಾಗ ನನಗೆ ಉಸಿರು ಕಟ್ಟುತ್ತೆ.”

ದಿಬ್ಬದ ದಾರಿಯುದ್ದಕ್ಕೂ ಸಣ್ಣ ಸಣ್ಣ ಗುಡಿಗಳು, ಗೋಡೆಯ ಮೇಲೆ ಇಣುಕುವ ಗೋರಿಕಲ್ಲುಗಳು, ಕಲ್ಲುಗಳ ಸಂದಿಯಲ್ಲಿ ಕೆಂಪಗೆ ಕೆದರಿದ ಹಿಗಾನ್ ಹೂ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುತ್ತ ಮಾತ್ಸುಯೊ ಮಾತಾಡುತ್ತಲೇ ಇದ್ದಳು. ತಾಮೋ ಒಳ್ಳೆಯವನು, ಕುಡಿಯೋದು ಬಿಟ್ಟು ಎಂಟು ವರ್ಷವಾಗಿತ್ತು. ಮೂರನೇ ಮಹಡಿಯ ತುದಿಯ ಕೋಣೆ. ಭಾನುವಾರ ಮೆಟ್ಟಿಲ ಕೆಳಗೆ ಕುರ್ಚಿ ಹಾಕಿ ಎಲ್ಲರ ತಲೆ ಕತ್ತರಿಸುತ್ತಿದ್ದ, ಕೆಲಸ ಕೇಳೋಕೆ ಹೋಗುವವನು ನೀಟಾಗಿರಬೇಕು ಅನ್ನುತ್ತಿದ್ದ. ಗೆನ್‌ಸಾಕು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ. ಅಸ್ಥಿ ಎಲ್ಲಿದೆ ಎಂದು ಕೇಳಲೆಂದೇ ಬಂದವನು ಮುಂದಿನ ತಿರುವಿನಲ್ಲಿ ಕೇಳೋಣ, ಅದರ ಮುಂದಿನ ತಿರುವಿನಲ್ಲಿ ಕೇಳೋಣ ಎಂದು ಮುಂದೂಡುತ್ತಿದ್ದ. ಕೊನೆಗೆ ಕೇಳಿದ.

“ಅದಾ? ಯಾರೋ ನೆಂಟ ಇದ್ದನಂತೆ, ಬೇಡ ಅಂತ ಬರೆದು ಕಳಿಸಿದನಂತೆ. ಯಾರು ಏನು ಅಂತ ಆಫೀಸಿನೋರು ಬಾಯಿ ಬಿಡಲಿಲ್ಲ” ಎಂದಳು ಅವಳು. “ಬೇಡ ಅಂತ ಬರೆದ ಕೈಗೆ ಲಕ್ವ ಹೊಡೀಲಿ. ನಾವು ಆರು ಜನ ಹೋಗಿ ಕಾಲು ಹಿಡಿದು ತಂದ್ವಿ. ಕೆಳಗಿನ ಗುಡಿಗೆ ಕೊಟ್ಟುಬಿಟ್ವಿ, ಬುದ್ಧ ಮಾಡೋ ಗುಡಿಗೆ. ಹತ್ತು ವರ್ಷಕ್ಕೆ ಬಂದ ಅಸ್ಥಿಯೆಲ್ಲ ಸೇರಿಸಿ ಅರೆದು ಒಬ್ಬ ಬುದ್ಧನ್ನ ಮಾಡ್ತಾರಲ್ಲ, ಅಲ್ಲಿಗೆ. ಒಂದ್ಸಲ ಕೊಟ್ಟರೆ ವಾಪಸು ಇಲ್ಲ. ನನಗೂ ಅದೇ ಸಮಾಧಾನ. ಒಬ್ಬನೇ ಇದ್ದೋನು, ಜನದ ಜೊತೆ ಇರ್ಲಿ.”

ಗೆನ್‌ಸಾಕು ತನ್ನ ಬಲಗೈ ನೋಡಿಕೊಂಡ. ಚೀಲದ ಹಿಡಿಕೆ ಒತ್ತಿ ಬೆರಳು ಬೆಳ್ಳಗಾಗಿತ್ತು. ರಾತ್ರಿಯೆಲ್ಲ ಅವನು ಹಾಕಿಕೊಂಡ ಲೆಕ್ಕ ಇಷ್ಟೇ: ಕಚೇರಿಯಲ್ಲೋ ಲಾಡ್ಜಿನಲ್ಲೋ ಆ ಡಬ್ಬಿ ಇನ್ನೂ ಇರುತ್ತದೆ, ಇಸಿದುಕೊಂಡು, ಬಟ್ಟೆಯಲ್ಲಿ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಟ್ರಾಮಿನಲ್ಲಿ ಕೂರುವುದು, ತೊಮೊಎಗೆ ಎಲ್ಲ ಹೇಳುವುದು, ಅಪ್ಪನ ಪಕ್ಕದಲ್ಲಿ ಇಡುವುದು. ಆ ಲೆಕ್ಕದಲ್ಲಿ ತನಗೆ ಸಿಗುವ ಸಮಾಧಾನವನ್ನೂ ಸೇರಿಸಿಕೊಂಡಿದ್ದ. ಈಗ ಇಸಿದುಕೊಳ್ಳಲು ಏನೂ ಉಳಿದಿರಲಿಲ್ಲ. ಮುಂದೆ ದೊಡ್ಡ ದೇವಸ್ಥಾನದ ಕಲ್ಲಿನ ಕಮಾನು, ಅದರಾಚೆ ಧೂಪದ ಹೊಗೆ, ಸತ್ತವರಿಗೆ ಕೇಳಲೆಂದು ಜನ ಒಬ್ಬರಾದ ಮೇಲೊಬ್ಬರು ಹಗ್ಗ ಎಳೆದು ಬಾರಿಸುವ ಗಂಟೆ. ಅಮ್ಮ ಎರಡು ಕೈಗೆ ಇಬ್ಬರನ್ನೂ ಹಿಡಿದುಕೊಂಡು ಇಲ್ಲಿಗೆ ಬರುತ್ತಿದ್ದಳು. ಜನದ ನಡುವೆ ತಪ್ಪಿಸಿಕೊಂಡರೆ ಗಂಟೆ ಗೋಪುರದ ಕೆಳಗೆ ನಿಂತಿರಿ, ಅಲ್ಲಾಡಬೇಡಿ ಎನ್ನುತ್ತಿದ್ದಳು. ಒಮ್ಮೆ ತಾಮೋತ್ಸು ನಿಜವಾಗಿಯೂ ತಪ್ಪಿಸಿಕೊಂಡ. ಮುಕ್ಕಾಲು ಗಂಟೆ ಹುಡುಕಿದ ಮೇಲೆ ನೋಡಿದರೆ ಗೋಪುರದ ಕೆಳಗೆ ಎರಡೂ ಕೈ ಕಿವಿಗೆ ಒತ್ತಿಕೊಂಡು, ಹೇಳಿದ ಜಾಗದಲ್ಲಿ ಹೇಳಿದ ಹಾಗೆ ನಿಂತಿದ್ದ, ಚಡ್ಡಿ ಒದ್ದೆ ಮಾಡಿಕೊಂಡು.

ಹೆಸರು ಬರೆಸುವ ಕಟ್ಟೆಯ ಮುಂದೆ ಉದ್ದ ಸಾಲು. ಕರಿ ನಿಲುವಂಗಿಯ ಸನ್ಯಾಸಿಗಳು ಸಾಲಾಗಿ ಕೂತು, ಕಾಗದದಷ್ಟು ತೆಳುವಾದ ಮರದ ಪಟ್ಟಿಗಳ ಮೇಲೆ ಕುಂಚದಿಂದ ಹೆಸರು ಬರೆದು ಕೊಡುತ್ತಿದ್ದರು. ಗೆನ್‌ಸಾಕು ಅಪ್ಪ ಅಮ್ಮನ ಎರಡು ಹೆಸರು ಹೇಳಿದ, ಸತ್ತ ಮೇಲೆ ಗುರುಗಳು ಇಟ್ಟ ಉದ್ದನೆಯ ಹೆಸರುಗಳು. ಮೂರನೆಯದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾತ್ಸುಯೊ ಪಕ್ಕದಿಂದ ಮುಂದೆ ಬಗ್ಗಿ, “ಬರ್ಕೊಳ್ಳಿ ಸ್ವಾಮಿ, ಉಮೆಗಾಕಿ ತಾಮೋತ್ಸು. ಅವನಿಗೆ ದೊಡ್ಡ ಹೆಸರೆಲ್ಲ ಇಲ್ಲ, ಇದೇ ಇರೋದು” ಎಂದಳು. ಸನ್ಯಾಸಿ ಬರೆದ. ಒಣಗಲೆಂದು ಪಟ್ಟಿಯನ್ನು ಪಕ್ಕಕ್ಕಿಟ್ಟ.

“ಇನ್ನೊಂದು” ಎಂದಳು. “ಉಮೆಗಾಕಿ ಗೆನ್‌ಸಾಕು.”

ಗಂಟೆ ಮೊಳಗಿತು. ಗೆನ್‌ಸಾಕುವಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. ಸನ್ಯಾಸಿ ಕುಂಚ ಅದ್ದಿ, “ಗೆನ್ ಅನ್ನೋಕೆ ಬಹಳ ಅಕ್ಷರ ಇವೆ, ಯಾವುದಮ್ಮ?” ಎಂದ.

“ಅಯ್ಯೋ, ಪ್ರತಿಸಲ ತಾಮೋನೇ ಹೇಳ್ತಿದ್ದ, ಮಾರ್ಚಿನಲ್ಲಿ ಏನೋ ಒಂದು ಅಂದಾಜಿಗೆ ಬರೆಸಿದೆ, ಇದೆಲ್ಲಿ ನೆನಪಿರುತ್ತೆ ನನಗೆ...”

“ನದಿ ಹುಟ್ಟೋ ಮೂಲ ಅಂತಾರಲ್ಲ, ಆ ಗೆನ್” ಎಂದ ಗೆನ್‌ಸಾಕು. ದನಿ ತನ್ನದಲ್ಲವೆನ್ನಿಸಿತು. “ಮಾಡೋದು ಅನ್ನೋ ಸಾಕು.”

“ನೋಡಿ, ಒಂದೇ ಬೀದಿ ಅಂದ್ರೆ ಹೀಗೆ!” ಎಂದು ಮಾತ್ಸುಯೊ ಖುಷಿಯಿಂದ ಅವನ ತೋಳು ತಟ್ಟಿದಳು. “ಅವರಣ್ಣನ್ನೂ ಬಲ್ಲಿರಾ ಹಾಗಾದ್ರೆ?”

“ಯಾವಾಗ... ಯಾವಾಗ ಹೋದ್ರಂತೆ?”

“ಎಂಟು ವರ್ಷ ಆಗಿರ್ಬೇಕು. ನನಗೆ ಚೆನ್ನಾಗಿ ನೆನಪಿದೆ. ಒಂದು ಭಾನುವಾರ ತಾಮೋ ಕಟಿಂಗ್ ಮಾಡಿಸ್ಕೊಂಡು ಬಂದ, ಎಷ್ಟು ಚೆಂದ ಅಂತೀರಿ, ಸಿನಿಮಾದೋರ ಹಾಗೆ. ಏನೋ ಇದು ಮದುವೆ ಗಂಡು ಅಂತ ರೇಗಿಸಿದೆ. ಮೆಟ್ಟಿಲ ಮೇಲೆ ಕೂತ್ಕೊಂಡು, ‘ಅಮ್ಮಾ, ನಮ್ಮಣ್ಣ ಹೋಗಿಬಿಟ್ಟ’ ಅಂದ. ಎರಡು ದಿನ ಕೋಣೆ ಬಿಟ್ಟು ಬರಲಿಲ್ಲ. ಕುಡಿಯೋದು ಬಿಟ್ಟಿದ್ದೂ ಆವಾಗ್ಲೇ. ಅವತ್ತಿಂದ ವರ್ಷಕ್ಕೆರಡು ಸಲ, ಮಳೆ ಬರ್ಲಿ ಬಿಸಿಲು ಬರ್ಲಿ, ಅಣ್ಣನ ಹೆಸರು ನೀರಿಗೆ ಬಿಡ್ತಿದ್ದ. ಆಸ್ಪತ್ರೇಲಿ ನನ್ನ ಕೈ ಹಿಡಿದು, ‘ನಾನಿಲ್ಲ ಅಂತ ಅಣ್ಣಂದು ತಪ್ಪಿಸ್ಬೇಡಿ ಅಮ್ಮ’ ಅಂದ. ಆಗಲಿ ಅಂದಿದ್ದೀನಿ. ತಪ್ಪಿಸೋಕಾಗುತ್ತಾ?”

ಹಿಂದಿನವರು ನೂಕಿದರು. ಸನ್ಯಾಸಿ ನಾಲ್ಕೂ ಪಟ್ಟಿಗಳನ್ನು ಒಟ್ಟಿಗೆ ಚಾಚಿದ. ಗೆನ್‌ಸಾಕು ಎರಡೂ ಕೈಯಲ್ಲಿ ತಗೊಂಡ. ಮೇಲಿನದರಲ್ಲಿ ತನ್ನ ಹೆಸರು, ಶಾಯಿ ಇನ್ನೂ ಹಸಿ. ತನ್ನ ಹೆಸರನ್ನು ಅಷ್ಟು ಸೊಗಸಾಗಿ ಯಾರೂ ಬರೆದದ್ದನ್ನು ಅವನು ನೋಡಿರಲಿಲ್ಲ. ‘ನನಗೆ ತಮ್ಮ ಇಲ್ಲ’ ಎಂದವನನ್ನು ತಾಮೋತ್ಸು ಹದಿನಾಲ್ಕು ವರ್ಷ ಬದುಕಿಸಿಟ್ಟುಕೊಂಡಿದ್ದ. ‘ಮತ್ತೆ ಬನ್ನಿ’ ಎಂದ ಮೇಲೆ ಸಾಯಿಸಿದ. ಅಥವಾ ಹಾಗಲ್ಲವೇನೋ, ಬದುಕಿರುವ ಅಣ್ಣನ ಹತ್ತಿರ ಹೋಗುವಂತಿಲ್ಲ, ಸತ್ತ ಅಣ್ಣನಾದರೆ ವರ್ಷಕ್ಕೆರಡು ಸಲ ಹೋಗಬಹುದು, ಹೆಸರು ಹಿಡಿದು ಕರೆಯಬಹುದು, ಯಾರೂ ಆಚೆ ಕಳಿಸುವುದಿಲ್ಲ. ಸಿಟ್ಟಿನಿಂದ ಮಾಡಿದನೋ ಪ್ರೀತಿಯಿಂದ ಮಾಡಿದನೋ ಎಂದು ಕೇಳಲು ಅವನಿಲ್ಲ. ಹದಿನಾರು ಸಲ. ಆ ಹದಿನಾರು ದಿನಗಳಲ್ಲಿ ತಾನು ಎಲ್ಲಿದ್ದೆ, ಏನು ತಿಂದೆ, ಯಾರ ತಲೆ ಕತ್ತರಿಸುತ್ತಿದ್ದೆ ಎಂದು ನೆನೆಯಲು ನೋಡಿದ. ಒಂದೂ ನೆನಪಾಗಲಿಲ್ಲ.

ಆಮೆಬಾವಿಯ ಮಂಟಪದೊಳಗೆ ನೆರಳು, ತಣ್ಣಗೆ. ಕಲ್ಲಿನ ಆಮೆಯ ಬಾಯಿಂದ ಸುರಿಯುವ ನೀರು ಕೆಳಗಿನ ಕಲ್ಲುಬಾನಿಯಲ್ಲಿ ತುಂಬಿ ಹೊರಳುತ್ತಿತ್ತು. ಅದರ ತುಂಬ ಹೆಸರುಗಳು, ಒಂದರ ಮೇಲೊಂದು, ತಿರುಗುತ್ತ ಅಂಚಿಗೆ ಬಡಿಯುತ್ತ. “ನನಗೆ ಬಗ್ಗೋಕಾಗಲ್ಲ, ನೀವೇ ಬಿಡಿ” ಎಂದಳು ಮಾತ್ಸುಯೊ. ಉದ್ದನೆಯ ಬಿದಿರಿನ ತುದಿಗೆ ಸಿಕ್ಕಿಸಿ ಅಪ್ಪನದನ್ನು ಬಿಟ್ಟ, ಅಮ್ಮನದನ್ನು ಬಿಟ್ಟ. ತಮ್ಮನದು ನೀರಿಗೆ ತಗುಲಿದ್ದೇ ಸರ್ರನೆ ಜನದೊಳಗೆ ಸೇರಿಹೋಯಿತು, ಯಾವುದು ಅವನದೆಂದು ಆಮೇಲೆ ತಿಳಿಯಲಿಲ್ಲ. ಕೊನೆಗೆ ತನ್ನದು. ಅದು ಮುಳುಗದೆ, ದೂರವೂ ಹೋಗದೆ, ಬಿದಿರಿನ ತುದಿಯ ಹತ್ತಿರವೇ ಸುತ್ತುತ್ತಿತ್ತು. ಪಕ್ಕದಲ್ಲಿ ಮಾತ್ಸುಯೊ ಕಣ್ಣು ಮುಚ್ಚಿ ಕೈ ಮುಗಿದು ನೀರಿಗೆ ಹೇಳುತ್ತಿದ್ದಳು: “ಗೆನ್‌ಸಾಕು ಅಣ್ಣಾವ್ರೆ, ನಿಮ್ಮ ತಮ್ಮ ಅಲ್ಲಿಗೇ ಬಂದಿದ್ದಾನೆ. ಸಿಕ್ಕಿರ್ತಾನೆ ಇಷ್ಟು ಹೊತ್ತಿಗೆ. ಸ್ವಲ್ಪ ನೋಡ್ಕೊಳ್ಳಿ. ಅವನು ಹಸಿವಾದ್ರೆ ಬಾಯಿ ಬಿಟ್ಟು ಕೇಳೋನಲ್ಲ, ನೀವೇ ಕರೆದು ಬಡಿಸ್ಬೇಕು.”

ಬಿದಿರು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು.

“ಅಮ್ಮಾ,” ಎಂದ, “ಅದು ನಾನೇ.”

“ಏನು?”

“ಗೆನ್‌ಸಾಕು. ಉಮೆಗಾಕಿ ಗೆನ್‌ಸಾಕು ನಾನೇ. ನಾನು ಸತ್ತಿಲ್ಲ, ಸುಮಿಯೋಶೀಲೇ ಇದ್ದೀನಿ. ಬೇಡ ಅಂತ ಬರೆದು ಕಳಿಸಿದ್ದೂ ನಾನೇ.”

ಮೊದಲು ಅವಳು ನಕ್ಕಳು, ಲಾಡ್ಜಿನ ಮುದುಕರ ತಮಾಷೆಗೆ ನಗುವ ಹಾಗೆ. ಆಮೇಲೆ ಅವನ ಮುಖ ನೋಡಿದಳು, ಬಹಳ ಹೊತ್ತು. ಕೈ ಎತ್ತಿ ಅವನ ಎದೆಗೆ ಗುದ್ದಿದಳು. ಮುದಿಗೈ, ಪೆಟ್ಟೇನೂ ಆಗಲಿಲ್ಲ. ಮತ್ತೊಮ್ಮೆ ಗುದ್ದಿದಳು. “ಬದುಕಿದ್ದೀಯಲ್ಲೋ!” ಎಂದು ಕಿರುಚಿದಳು. “ಇಪ್ಪತ್ತು ನಿಮಿಷದ ದಾರೀಲಿ ಬದುಕಿದ್ದೀಯಲ್ಲೋ, ಪಾಪಿ! ಆ ಮಗು ನಿನಗೆ ತಿಥಿ ಮಾಡ್ಕೊಂಡು ಕೂತಿತ್ತಲ್ಲೋ!” ಮಂಟಪದಲ್ಲಿದ್ದವರು ತಿರುಗಿ ನೋಡಿದರು. ಅಪ್ಪನ ಸಾವಿನ ದಿನ ಒಬ್ಬಳ ನಗು ತಡೆಯಲಾರದೆ ಹೋದವನು ಇಷ್ಟು ಜನರ ಕಣ್ಣೆದುರು ಗುದ್ದಿಸಿಕೊಳ್ಳುತ್ತ ನಿಂತ, ಕೈ ಅಡ್ಡ ಹಿಡಿಯಲಿಲ್ಲ. ಗುದ್ದುವುದು ನಿಂತು ಅವಳು ಅವನ ಕೋಟನ್ನೇ ಹಿಡಿದುಕೊಂಡು ಅಳತೊಡಗಿದಾಗಲೇ ಅವನಿಗೆ ಕಷ್ಟವಾದದ್ದು. ಯಾರೋ ಒಬ್ಬ ಮುದುಕ ಮರುಕದಿಂದ ತಲೆ ಬಾಗಿಸಿದ. ಗಂಡ ಹೆಂಡತಿ, ಮಗನನ್ನು ಕಳಕೊಂಡವರಿರಬೇಕು, ಎಂದು ಅವನು ತಿಳಿದಂತಿತ್ತು.

“ನಡೀರಿ” ಎಂದಳು ಕೊನೆಗೆ, ಟವೆಲಿನಿಂದ ಮುಖ ಒರೆಸಿಕೊಂಡು, ಮತ್ತೆ ಬಹುವಚನಕ್ಕೆ ಬಂದು. “ಅವನ ಮುಂದೆ ಬಂದು ಹೇಳಿ.”

ಅಸ್ಥಿಬುದ್ಧನ ಗುಡಿ ದಿಬ್ಬದ ಕೆಳಮುಖಕ್ಕೆ, ಹತ್ತು ನಿಮಿಷದ ನಡಿಗೆ. ಇಲ್ಲಿಯೂ ಜನ, ಕೈಯಲ್ಲಿ ಊದುಕಡ್ಡಿ, ಮಕ್ಕಳು, ಗಾಲಿಕುರ್ಚಿಯಲ್ಲಿ ಅಜ್ಜಿಯರು. ಹಿಂದಿನ ದಶಕಗಳ ಬುದ್ಧರು ಸಾಲಾಗಿ ಕೂತಿದ್ದರು, ಹಳಬರು ಹೊಗೆಗೆ ಕಪ್ಪಾಗಿ, ಈಚಿನವರು ಇನ್ನೂ ಬೂದುಬಿಳಿ. ತಾಮೋತ್ಸು ಇವರಲ್ಲಿ ಯಾರೊಳಗೂ ಇಲ್ಲ. ಒಳಗೆಲ್ಲೋ ಒಂದು ಕೋಣೆಯಲ್ಲಿ, ಲೆಕ್ಕವಿಲ್ಲದಷ್ಟು ಡಬ್ಬಿಗಳ ನಡುವೆ, ಮುಂದಿನ ಬುದ್ಧನಾಗಲು ಕಾದಿದ್ದಾನೆ. ಅದಕ್ಕಿನ್ನೂ ಏಳು ವರ್ಷ ಎಂದು ಊದುಕಡ್ಡಿ ಕೊಡುವ ಹೆಂಗಸು ಹೇಳಿದಳು. ಡಬ್ಬಿಯನ್ನು ಒಮ್ಮೆ ನೋಡಬಹುದೇ, ಬರಿ ನೋಡಿ ಬರುತ್ತೇನೆ, ಎಂದು ಗೆನ್‌ಸಾಕು ಕೇಳಿದ. ಅವಳು ತಲೆ ಬಾಗಿಸಿ, ಅದಾಗುವುದಿಲ್ಲ, ಕ್ಷಮಿಸಬೇಕು, ಎಂದಳು, ದಿನಕ್ಕೆ ನೂರು ಸಲ ಹೇಳಿ ಮೆತ್ತಗಾದ ದನಿಯಲ್ಲಿ. ಇನ್ನೂ ಏಳು ವರ್ಷ ಕಾಯಬೇಕಾದ ಗೆನ್‌ಸಾಕುವಿಗೆ ಈಗಲೇ ಅರವತ್ತೆಂಟು.

ಸಾಲು ನಿಧಾನವಾಗಿ ಸರಿದು ಅವರನ್ನು ಮುಂದಕ್ಕೆ ತಂದಿತು. ಮಾತ್ಸುಯೊ ಊದುಕಡ್ಡಿ ಸಿಕ್ಕಿಸಿ ಎರಡು ಸಲ ಚಪ್ಪಾಳೆ ತಟ್ಟಿದಳು. ಗುಡಿಯಲ್ಲಿ ಹಾಗೆ ತಟ್ಟುವ ಪದ್ಧತಿಯಿಲ್ಲ, ಅವಳಿಗೆ ಅದರ ಪರಿವೆಯಿರಲಿಲ್ಲ. “ತಾಮೋ,” ಎಂದಳು ಗಟ್ಟಿಯಾಗಿ, ಮೂರನೇ ಮಹಡಿಗೆ ಕೂಗುವವಳ ಹಾಗೆ, “ನಿಮ್ಮಣ್ಣ ಸತ್ತಿಲ್ಲ ಕಣೋ. ಬಂದಿದ್ದಾರೆ ನೋಡು.” ಆಮೇಲೆ ಗೆನ್‌ಸಾಕುವಿನ ಕಡೆ ತಿರುಗಿ, “ಹೂಂ, ಮಾತಾಡಿ” ಎಂದಳು.

ಗೆನ್‌ಸಾಕು ಬಾಯಿ ತೆರೆದ. ಮಾತುಗಳಿದ್ದವು, ಒಂಬತ್ತು ತಿಂಗಳಿಂದ ಟ್ರಾಮಿನಲ್ಲಿ, ಕನ್ನಡಿಯ ಮುಂದೆ, ಸ್ನಾನದ ತೊಟ್ಟಿಯಲ್ಲಿ ಕೂಡಿಸಿಟ್ಟ ಮಾತುಗಳು. ಎದುರಿಗಿದ್ದವರು ಎಂಟು ಬುದ್ಧರು; ಎಂಟೂ ಮುಖಗಳು, ಒಂದಕ್ಕೂ ಬೆನ್ನಿರಲಿಲ್ಲ. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಹೊಗೆ ಕಣ್ಣಿಗೆ ಬಂತು. “ತಾಮೋ” ಎಂದ, ಅಷ್ಟೇ ಹೊರಟಿತು, ಮುಂದಿನದು ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಹೆಗಲು ಮುಟ್ಟಿ, “ತಾತಾ, ಸ್ವಲ್ಪ ಜರುಗ್ತೀರಾ, ಹಿಂದೆ ಬಹಳ ಜನ ಇದ್ದಾರೆ” ಎಂದರು. “ಕ್ಷಮಿಸಿ” ಎಂದು ಅವನು ಜರುಗಿದ. ಜರುಗಿದವನನ್ನು ಜನ ಹಾಗೇ ಪಕ್ಕಕ್ಕೆ, ಮೆಟ್ಟಿಲ ಕೆಳಗೆ, ಅಂಗಳಕ್ಕೆ ತಂದು ಬಿಟ್ಟರು.

“ನಾನು ಹೋಗ್ತೀನಿ, ಅಡುಗೆ ಹೊತ್ತು” ಎಂದಳು ಮಾತ್ಸುಯೊ. ತನ್ನ ಚೀಲ ಇಸಿದುಕೊಂಡಳು. ಅವನ ಕೋಟಿನ ಕಾಲರು ಮಡಚಿಕೊಂಡಿದ್ದನ್ನು ನೋಡಿ ಸರಿಮಾಡಿದಳು. “ಮುಂದಿನ ಸಲ ನಿಮ್ಮ ಹೆಸರು ಬರೆಸಲ್ಲ. ಅವನಿಗೆ ಕೊಟ್ಟ ಮಾತು ನಾನು ತಪ್ಪಿದ ಹಾಗಾಯ್ತು.” ದಿಬ್ಬ ಇಳಿದು ಹೋದಳು. ಅವಳ ಸಣಕಲು ಬೆನ್ನು ಜನದಲ್ಲಿ ಮರೆಯಾಗುವ ತನಕ ಅವನು ನೋಡುತ್ತಿದ್ದ.

ಬಿಸಿಲು ಇನ್ನೂ ಇತ್ತು. ಗೆನ್‌ಸಾಕು ಅಂಗಳ ದಾಟಿ, ಗೇಟಿನಿಂದಾಚೆ ಬೀದಿಯವರೆಗೂ ಬೆಳೆದಿದ್ದ ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತ. ಮುಂದಿದ್ದವಳು ಬಿಳಿಹೂವಿನ ಗೊಂಚಲು ಹಿಡಿದ ನಡುವಯಸ್ಸಿನ ಹೆಂಗಸು. ಸ್ವಲ್ಪ ಹೊತ್ತು ಕಾದ ಮೇಲೆ, ಬೇಸರ ಕಳೆಯಲೆಂದು ತಿರುಗಿ, “ನಿಮ್ಮೋರು ಯಾರು ಇಲ್ಲಿರೋದು?” ಎಂದು ಕೇಳಿದಳು.

“ತಮ್ಮ” ಎಂದ ಗೆನ್‌ಸಾಕು.

“ಅಯ್ಯೋ, ಚಿಕ್ಕೋರು ಮೊದಲು ಹೋಗಬಾರದು” ಎಂದಳು ಅವಳು.

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.